ಸೂಜಿ ಮಾಡಿಸಿದ ನಾಯಿ

ಟೈಗರ್ ನೀರು ಮುಟ್ಟಿರಲಿಲ್ಲ. ಹಿಂದಿನ ಸಂಜೆ ಉಳವಪ್ಪ ಅಂಚಿನವರೆಗೆ ತುಂಬಿಟ್ಟಿದ್ದ ಜರ್ಮನ್ ಬೋಗುಣಿಯ ನೀರು ಬೆಳಗಿನ ಆರು ಗಂಟೆಗೂ ಅಂಚಿನವರೆಗೇ ಇತ್ತು. ಒಂದು ಬೇವಿನೆಲೆ ಬಿದ್ದು ತೇಲುತ್ತಿತ್ತು, ಅಷ್ಟೇ. ಅವನು ಲುಂಗಿ ಎತ್ತಿ ಕಟ್ಟಿ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹತ್ತು ಗಂಟೆಗೆ ಫಿಜಿಕ್ಸ್ ಪೇಪರು. ಪಿಯುಸಿ ಎರಡನೆಯ ವರ್ಷದ ಪರೀಕ್ಷೆಗೆ ಕೂತ ಬೇರೆ ಹುಡುಗರು ಈ ಹೊತ್ತಿಗೆ ಸೂತ್ರಗಳನ್ನು ಬಾಯಲ್ಲಿ ತಿರುವಿ ಹಾಕುತ್ತಿದ್ದರು. ಇವನು ನೀರು ಎಷ್ಟು ಬೆರಳು ಇಳಿದಿದೆ ಎಂದು ನೋಡುತ್ತಿದ್ದ. ನಾಯಿ ತನಗೆ ಮಾಂಸ ತಂದುಕೊಡುವ ಬೀಬಿಜಾನಳ ಮೀನಖಂಡಕ್ಕೆ ಬಾಯಿ ಹಾಕಿ ಇವತ್ತಿಗೆ ಐದು ದಿನ. ಹತ್ತು ದಿನ ನಾಯಿ ನೆಟ್ಟಗಿದ್ದರೆ ಕಡಿಸಿಕೊಂಡವರಿಗೆ ಭಯವಿಲ್ಲ, ಅಷ್ಟರೊಳಗೆ ಅದಕ್ಕೆ ಹುಚ್ಚು ಹಿಡಿದರೆ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ: ಇಷ್ಟು ಊರಿಗೆಲ್ಲ ಗೊತ್ತಿದ್ದ ಮಾತು. ಉಳವಪ್ಪನೊಬ್ಬನಿಗೇ ಗೊತ್ತಿದ್ದದ್ದು, ಟೈಗರಿಗೆ ಈ ವರ್ಷ ಹುಚ್ಚಿನ ಸೂಜಿ ಮಾಡಿಸಿಯೇ ಇರಲಿಲ್ಲ ಎಂಬುದು. ‘ಕುಡಿಯೋ ಎಪ್ಪಾ, ಒಂದ ಗುಟುಕು ಕುಡಿ’ ಎಂದು ಅವನು ಪಿಸುಗುಟ್ಟಿದ. ನಾಯಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು. ತುಸು ಹೊತ್ತಾದ ಮೇಲೆ ಎದ್ದು, ಮೈ ಝಾಡಿಸಿ, ಬೋಗುಣಿಯನ್ನು ದಾಟಿ ಹೋಗಿ ನಲ್ಲಿಯ ಕೆಳಗಿನ ಒದ್ದೆ ಕಲ್ಲನ್ನು ನೆಕ್ಕತೊಡಗಿತು. ನೆಕ್ಕಿತು, ಇನ್ನೂ ನೆಕ್ಕಿತು. ಉಳವಪ್ಪನ ಕಣ್ಣಲ್ಲಿ ನೀರು ಬಂತು. ಆ ನಾಯಿಯ ಮೇಲೆ ಅವನಿಗೆ ಪ್ರೀತಿಯೇನೂ ಇರಲಿಲ್ಲ; ಎರಡು ವರ್ಷದಲ್ಲಿ ಅದು ಬದುಕಲಿ ಎಂದು ಬೇಡಿಕೊಂಡದ್ದು ಈ ಐದು ದಿನ ಮಾತ್ರ.

ತಿಲಕವಾಡಿಯ ಆ ಮನೆ ವಕೀಲ ಚನ್ನಬಸಯ್ಯನವರದು. ಅಲ್ಲಿ ಪಿಂಕಿಗೆ ದಿವಾನಖಾನೆ, ಟೈಗರಿಗೆ ಹಿತ್ತಲು, ಉಳವಪ್ಪನಿಗೆ ಹಿತ್ತಲ ಮೂಲೆಯ ತಗಡಿನ ಖೋಲಿ. ಪಿಂಕಿ ಬಿಳಿ ಪೊಮೆರೇನಿಯನ್, ವಕೀಲರ ಹೆಂಡತಿ ಗಂಗಾದೇವಿಯವರ ಜೀವ. ಹಾಲು ಅನ್ನ ತಿಂದು ಸೋಫಾದ ಮೇಲೆ ಮಲಗುತ್ತಿತ್ತು, ಮಳೆಗಾಲದಲ್ಲಿ ಸ್ವೆಟರು ಹಾಕಿಕೊಳ್ಳುತ್ತಿತ್ತು. ಟೈಗರ್ ಅಲ್ಸೇಶಿಯನ್. ಕ್ಯಾಂಪಿನ ಮೇಜರ್ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ವಕೀಲರಿಗೆ ಬಿಟ್ಟು ಹೋದದ್ದು. ಜೊತೆಗೆ ಅದು ಏನು ತಿನ್ನುತ್ತದೆ, ಯಾವಾಗ ತಿರುಗಾಡುತ್ತದೆ ಎಂದು ಟೈಪು ಮಾಡಿದ ಒಂದು ಹಾಳೆ. ಮನೆಯವರು ತಮ್ಮತಮ್ಮಲ್ಲಿ ಕನ್ನಡ, ನೆರೆಯವರ ಕೂಡ ಮರಾಠಿ, ನಾಯಿಗಳ ಕೂಡ ಮಾತ್ರ ಇಂಗ್ಲಿಷು ಮಾತಾಡುತ್ತಿದ್ದರು. ಪಾರಿಶ್ವಾಡದ ಕನ್ನಡ ಸಾಲೆಯಿಂದ ಬಂದು ಕಾಲೇಜಿನಲ್ಲಿ ಬಾಯಿ ಬಿಡಲು ನಾಚುತ್ತಿದ್ದ ಉಳವಪ್ಪ, ವ್ಯಾಕ್ಸಿನ್ ಡಿಪೋದ ಮರಗಳ ನಡುವೆ ಟೈಗರನ್ನು ತಿರುಗಾಡಿಸುತ್ತ ‘ಸಿಟ್’, ‘ಕಮ್ ಹಿಯರ್’, ‘ಗುಡ್ ಬಾಯ್’ ಎಂದು ಗಂಟಲು ಸಡಿಲ ಮಾಡಿಕೊಳ್ಳುತ್ತಿದ್ದ. ಒಮ್ಮೆ ಅಲ್ಲಿ ಕಾಲೇಜಿನ ಮೂವರು ಹುಡುಗರು ಎದುರಾಗಿ ‘ಯಾರ ನಾಯಿಯೋ ಇದು?’ ಎಂದಾಗ ‘ನಮ್ಮ ಕಾಕಾಂದು’ ಎಂದುಬಿಟ್ಟಿದ್ದ. ವಕೀಲರು ಅವನಿಗೆ ಕಾಕಾ ಅಲ್ಲ, ಏನೂ ಅಲ್ಲ. ಅವನ ಅಪ್ಪ ಗುರುಪುತ್ರಪ್ಪ ಯಾವುದೋ ಬದುವಿನ ಖಟ್ಲೆಗೆಂದು ಬಂದು, ಜಂಗಮರೆಂದು ಕಾಲು ಮುಟ್ಟಿ, ‘ನನ್ನ ಮಗಾ ಶ್ಯಾಣ್ಯಾ ಅದಾನ್ರಿ ಅಯ್ನಾರ, ನಿಮ್ಮ ಪಾದದ ಬುಡಕ ಇಟಗೊಂಡು ಡಾಕ್ಟರನ್ನ ಮಾಡ್ರಿ’ ಎಂದು ಬಿಟ್ಟು ಹೋಗಿದ್ದ. ಪಾದದ ಬುಡದಲ್ಲಿ ಆಗಲೇ ಎರಡು ನಾಯಿಗಳಿದ್ದವು. ಖೋಲಿ ಮತ್ತು ಎರಡು ಹೊತ್ತಿನ ಊಟಕ್ಕೆ ಬದಲಾಗಿ ನಾಯಿಗಳನ್ನು ನೋಡಿಕೊಳ್ಳಬೇಕು. ಅದನ್ನು ಕೆಲಸ ಎಂದು ಯಾರೂ ಅನ್ನಲಿಲ್ಲ. ‘ಮನಿ ಹುಡುಗನಂಗ ಇರು’ ಎಂದಿದ್ದರು.

ಮೇಜರ್ ಸಾಹೇಬರ ಹಾಳೆಯಲ್ಲಿ ದಿನಕ್ಕೊಂದು ಹೊತ್ತು ಮಾಂಸ ಎಂದಿತ್ತು. ಜಂಗಮರ ಮನೆ, ಮಾಂಸ ಹೊಸ್ತಿಲು ದಾಟುವ ಹಾಗಿಲ್ಲ. ನಾಯಿ ಸೊರಗಿದರೆ ಮೇಜರ್ ಸಾಹೇಬರಿಗೆ ಮುಖ ತೋರಿಸುವ ಹಾಗಿಲ್ಲ. ವಕೀಲರು ಕಾಯಿದೆ ಬಲ್ಲವರು, ಹಿತ್ತಲು ಮನೆಯೊಳಗೆ ಬರುವುದಿಲ್ಲ ಎಂದು ತೀರ್ಮಾನ ಕೊಟ್ಟರು. ಹೀಗಾಗಿ ಕ್ಯಾಂಪಿನಿಂದ ಬೀಬಿಜಾನ ಎಂಬ ಹೆಂಗಸು ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಡಬರಿಯಲ್ಲಿ ಕುರಿಯ ಕರುಳು, ಚೂರುಪಾರು ತಂದುಕೊಡುವುದು, ಉಳವಪ್ಪ ಖೋಲಿಯ ಮುಂದಿನ ಒಲೆಯ ಮೇಲೆ ಅದನ್ನು ನುಚ್ಚಿನ ಕೂಡ ಕುದಿಸುವುದು ಎಂದಾಯಿತು. ಕೊರಳಲ್ಲಿ ಲಿಂಗ, ಕೈಯಲ್ಲಿ ಸವಟು, ತೊಡೆಯ ಮೇಲೆ ಜೀವಶಾಸ್ತ್ರದ ಪುಸ್ತಕ. ಮೊದಲ ತಿಂಗಳು ವಾಂತಿ ಮಾಡಿಕೊಂಡ. ಆಮೇಲೆ ಮೂಗಿಗೆ ವಸ್ತ್ರ ಕಟ್ಟಿಕೊಂಡ. ಆಮೇಲೆ ಅದೂ ಬೇಕಾಗಲಿಲ್ಲ. ಜಳಕ ಮಾಡಿಯೇ ಅವನು ತನ್ನ ಊಟಕ್ಕೆ ಅಡುಗೆಮನೆಯ ಹಿಂದಿನ ಮೆಟ್ಟಿಲಿಗೆ ಬರುತ್ತಿದ್ದ. ಆದರೂ ಗಂಗಾದೇವಿಯವರು ತಟ್ಟೆಯನ್ನು ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟು, ‘ಖಂಡದ ನಾತ ಹೋಗೇ ಇಲ್ಲ ನೋಡು ನಿಂದು’ ಎನ್ನುತ್ತಿದ್ದರು. ಅದೇ ಖಂಡ ತಿಂದು ಬಂದ ಟೈಗರಿನ ತಲೆ ಅವರ ಇನ್ನೊಂದು ಕೈಯ ಕೆಳಗೆ ಇರುತ್ತಿತ್ತು. ಕಾಲೇಜಿನಲ್ಲಿ ಅವನು ಕೊನೆಯ ಬೆಂಚಿನಲ್ಲಿ, ಕಿಟಕಿಯ ಬದಿಗೆ ಕೂಡುತ್ತಿದ್ದ. ಆ ಹಿತ್ತಲಲ್ಲಿ ಅವನನ್ನು ಮನುಷ್ಯನೆಂದು ಮಾತಾಡಿಸುತ್ತಿದ್ದವಳು ಬೀಬಿಜಾನ ಒಬ್ಬಳೇ. ಐವತ್ತರ ಹತ್ತಿರದ ವಿಧವೆ, ಬಾಯ್ತುಂಬ ಮಾತು. ಅವನ ಪುಸ್ತಕದಲ್ಲಿ ಕಪ್ಪೆಯ ಹೊಟ್ಟೆ ಸೀಳಿದ ಚಿತ್ರ ಕಂಡ ದಿನದಿಂದ ಅವನನ್ನು ಡಾಕ್ಟರ್ ಎಂದೇ ಕರೆದಳು. ‘ಡಾಕ್ಟರ್, ನನ್ನ ಮೊಣಕಾಲಿಗೆ ಏನಾರ ಔಷಧ ಬರದು ಕೊಡ್ರಿ’ ಎಂದು ಚೇಷ್ಟೆ ಮಾಡುವಳು. ಚೇಷ್ಟೆಯೆಂದು ಗೊತ್ತಿದ್ದರೂ ಆ ಹೆಸರು ಕಿವಿಗೆ ಬಿದ್ದರೆ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಒಮ್ಮೆ ಅಪ್ಪ ಹೇಳದೆ ಕೇಳದೆ ರೊಟ್ಟಿಯ ಗಂಟು ಹಿಡಿದು ಬಂದಿದ್ದ. ಹಿತ್ತಲಿಗೆ ಬಂದಾಗ ಮಗ ಒಲೆಯ ಮುಂದೆ ಕೂತಿದ್ದ. ಗುರುಪುತ್ರಪ್ಪ ಡಬರಿಯೊಳಗೆ ಇಣುಕಿದ, ಮಗನ ಕೊರಳು ನೋಡಿದ, ಗಂಟನ್ನು ಕಂಕುಳಲ್ಲೇ ಇಟ್ಟುಕೊಂಡು ದೂರ ಕೂತ. ನೀರು ಕೊಟ್ಟರೆ ನೀರಡಿಕೆಯಿಲ್ಲ ಎಂದ. ‘ಇನ್ನ ಎಷ್ಟ ದಿನ?’ ಎಂದು ಕೇಳಿದ. ‘ಪಿಯುಸಿ ಮುಗೀಲಿ ಯಪ್ಪಾ. ಮೆಡಿಕಲ್ ಸೀಟ್ ಸಿಕ್ರ ಹಾಸ್ಟೆಲ್ಲಿಗೆ ಹೊಕ್ಕೇನಿ.’ ಅಪ್ಪ ತಲೆಯಾಡಿಸಿ, ‘ಊರಾಗ ಯಾರ ಮುಂದೂ ಇದನ್ನ ಆಡಬ್ಯಾಡ’ ಎಂದ. ಬೈದಿದ್ದರೆ ಬೇಕಾಗಿತ್ತು. ಕೈ ಹಿಡಿದು ಎಳೆದುಕೊಂಡು ಹೋಗಿದ್ದರೆ ಇನ್ನೂ ಬೇಕಾಗಿತ್ತು. ಅಪ್ಪ ಎದ್ದು ಮುಂಬಾಗಿಲಿಗೆ ಹೋಗಿ, ವಕೀಲರ ಕಾಲು ಮುಟ್ಟಿ, ಮೂರು ಗಂಟೆಯ ಬಸ್ಸಿಗೆ ಹೋದ. ಸೀಟು ಸಿಗದಿದ್ದರೆ ತನಗೆ ಊರಿಗೆ ಮರಳುವ ಮುಖವಿಲ್ಲ ಎಂಬುದು ಉಳವಪ್ಪನಿಗೆ ಅವತ್ತು ಖಾತ್ರಿಯಾಯಿತು.

ಅದಕ್ಕೇ ಫೆಬ್ರುವರಿಯಲ್ಲಿ ಹಾಗೆ ಮಾಡಿದೆ, ಇಲ್ಲದಿದ್ದರೆ ಮಾಡುತ್ತಿರಲಿಲ್ಲ. ಫಿಜಿಕ್ಸಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗಲೂ ಅವನು ಇದನ್ನೇ ತನಗೆ ಹೇಳಿಕೊಳ್ಳುತ್ತಿದ್ದ. ಅವತ್ತು ವಕೀಲರು ಎರಡು ನೀಲಿ ಕಾರ್ಡು ಕೊಟ್ಟು, ಎರಡೂ ನಾಯಿಗಳನ್ನು ದನದ ದವಾಖಾನೆಗೆ ಒಯ್ದು ವರ್ಷದ ಸೂಜಿ ಮಾಡಿಸಿಕೊಂಡು ಬಾ ಎಂದಿದ್ದರು. ದವಾಖಾನೆ ಊರಿನ ಆ ತುದಿಗೆ. ಅದೇ ದಿನ ಟ್ಯೂಷನ್ನಿನಲ್ಲಿ ಸಿದ್ದಪ್ಪ ಮಾಸ್ತರರು ಪರೀಕ್ಷೆಗೆ ಬರುವಂಥ ಪ್ರಶ್ನೆಗಳನ್ನೆಲ್ಲ ಬಿಡಿಸಿ ತೋರಿಸುವವರಿದ್ದರು. ಉಳವಪ್ಪ ಪ್ರಾಮಾಣಿಕವಾಗಿಯೇ ಹೊರಟಿದ್ದ. ರೈಲ್ವೆಯ ಎರಡನೆಯ ಗೇಟಿನ ಹತ್ತಿರ ಗೂಡ್ಸ್ ಗಾಡಿಗಾಗಿ ಗೇಟು ಬಿತ್ತು. ಪಿಂಕಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಟೈಗರಿನ ಸರಪಳಿ ಹಿಡಿದು ನಿಂತಿದ್ದಾಗ ಕ್ಲಾಸಿನ ಹುಡುಗರು ಸೈಕಲ್ಲಿನ ಮೇಲೆ ಟ್ಯೂಷನ್ನಿನ ಓಣಿಗೆ ತಿರುಗಿದ್ದು ಕಾಣಿಸಿತು. ಅವರ ಬೆನ್ನಿಗೆ ಬಿಳಿ ಅಂಗಿ, ಕ್ಯಾರಿಯರಿನಲ್ಲಿ ದಪ್ಪ ನೋಟ್‌ಬುಕ್ಕು. ಗಾಡಿ ಮುಗಿಯುವುದರೊಳಗೆ ಇವನೂ ತಿರುಗಿದ. ನಾಯಿಗಳನ್ನು ಟ್ಯೂಷನ್ನಿನ ಹಿಂದಿನ ಹುಣಸೆ ಮರಕ್ಕೆ ಕಟ್ಟಿ ಎರಡು ತಾಸು ಕೂತ. ಹೊರಗೆ ಟೈಗರ್ ಬೊಗಳಿದಾಗಲೆಲ್ಲ ಹುಡುಗರು ಹಿಂದಿರುಗಿ ನೋಡಿ ನಕ್ಕರು. ಮನೆಗೆ ಮರಳುವಾಗ ಓಣಿಯ ತಿರುವಿನಲ್ಲಿ ನಿಂತು ಕಾರ್ಡುಗಳನ್ನು ಗೋಡೆಗೆ ಆನಿಸಿ ತಾರೀಖು ಹಾಕಿದ. ಔಷಧದ ಹೆಸರನ್ನು ಹಿಂದಿನ ವರ್ಷದ ಸಾಲಿನಿಂದ ನಕಲು ಮಾಡಿದ. ಕೊನೆಗೆ ಯಾರಿಗೂ ಓದಲು ಬಾರದಂಥ ಒಂದು ಸಹಿ ಗೀಚಿದ. ಡಾಕ್ಟರನೆಂದು ಅವನು ಮಾಡಿದ ಮೊದಲ ಸಹಿ ಅದೇ. ಸಹಿ ಚೆನ್ನಾಗಿಯೇ ಬಂತು. ಮುಂದಿನ ವಾರ ಒಯ್ದು ಖರೇ ಸೂಜಿ ಮಾಡಿಸಿದರಾಯಿತು ಎಂದುಕೊಂಡ. ಆದರೆ ಕಾರ್ಡು ವಕೀಲರ ಡ್ರಾಯರಿಗೆ ಹೋಗಿಬಿಟ್ಟಿತ್ತು. ಅದನ್ನು ಮತ್ತೆ ಕೇಳುವುದು ಹೇಗೆ? ಮುಂದಿನ ವಾರ ಅದರ ಮುಂದಿನ ವಾರವಾಯಿತು, ಪರೀಕ್ಷೆಯ ವೇಳಾಪಟ್ಟಿ ಬಂತು.

ಆಮೇಲೆ ನಾಯಿ ಕಡಿದ ಆ ಬೆಳಿಗ್ಗೆ. ಓದಿನ ಭರಾಟೆಯಲ್ಲಿ ಮೂರು ದಿನದಿಂದ ಟೈಗರನ್ನು ತಿರುಗಾಡಿಸಿರಲಿಲ್ಲ. ಕಟ್ಟಿದಲ್ಲೇ ಇದ್ದು ಅದು ಸಿಡಿಸಿಡಿ ಮಾಡುತ್ತಿತ್ತು. ಬೀಬಿಜಾನ ಎಂದಿನ ಹಾಗೆ ಹಿತ್ತಲ ಬಾಗಿಲು ತಳ್ಳಿ, ಡಬರಿ ಕೆಳಗಿಟ್ಟು, ‘ಏನ್ರೀ ಡಾಕ್ಟರ್, ಮುಖ ಒಣಗೇತಿ? ಏನಾರ ತಿಂದ್ರಿಲ್ಲೋ?’ ಎನ್ನುತ್ತ ಇವನ ಕಡೆ ತಿರುಗಿದಳು. ಟೈಗರ್ ಗುರ್ರೆನ್ನಲೂ ಇಲ್ಲ. ಸೀದಾ ಬಂದು ಕಾಲಿಗೆ ಬಾಯಿ ಹಾಕಿ ಬಿಟ್ಟುಬಿಟ್ಟಿತು. ಅವಳು ಕೂಗಿದ್ದಕ್ಕೆ ಮನೆಯವರೆಲ್ಲ ಹೊರಗೆ ಬಂದರು. ಬೀಬಿಜಾನ ಸೀರೆಯ ಅಂಚು ಎತ್ತಿದಾಗ ಮೀನಖಂಡದಲ್ಲಿ ನಾಲ್ಕು ಹಲ್ಲಿನ ಗುರುತು, ಎರಡರಿಂದ ರಕ್ತ. ಗಂಗಾದೇವಿಯವರು ಅರಿಸಿನದ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಸರಿದು ನಿಂತರು.

‘ನಾ ಏನೂ ಮಾಡ್ಲಿಲ್ರಿ ಸಾಹೇಬ್ರ, ಸುಮ್ಮನ ನಿಂತಿದ್ದೆ’ ಎಂದಳು ಬೀಬಿಜಾನ, ತಪ್ಪು ತನ್ನದೇ ಎಂಬ ಹಾಗೆ. ‘ಹದಿನಾಲ್ಕ ಸೂಜಿ ಅಂತಾರಲ್ರಿ... ನಾನು ದಿನಾ ದವಾಖಾನಿಗೆ ಹೋಗಿ ಕುಂತ್ರ ನನ್ನ ಮನಿ ನಡ್ಯಾಂಗಿಲ್ರಿ.’

‘ಯಾವ ಸೂಜಿನೂ ಬ್ಯಾಡ’ ಎಂದರು ವಕೀಲರು. ಒಳಗೆ ಹೋಗಿ ನೀಲಿ ಕಾರ್ಡು ತಂದು, ಓದು ಬಾರದ ಅವಳ ಮುಖದ ಮುಂದೆ ಹಿಡಿದರು. ‘ನೋಡು, ಫೆಬ್ರುವರಿ ತಿಂಗಳಾಗ ನಾಯಿಗೇ ಮಾಡಿಸೇವಿ. ಸರಕಾರಿ ಡಾಕ್ಟರ್ ಸಹಿ ಐತಿ. ಇವನ ಒಯ್ದಿದ್ದ. ಹೌದಿಲ್ಲೋ ಉಳವಪ್ಪ?’

ಬೀಬಿಜಾನ ಕಾರ್ಡು ನೋಡಲಿಲ್ಲ. ಇವನನ್ನು ನೋಡಿದಳು. ‘ನೀವ ಹೇಳ್ರಿ ಡಾಕ್ಟರ್. ಕಾಗದ ನನಗೇನ ತಿಳೀತೈತಿ. ನೀವು ಹೇಳಿದಂಗ.’

ಇಲ್ಲ ಎನ್ನಲು ಒಂದು ಉಸಿರು ಸಾಕಾಗಿತ್ತು. ಆ ಒಂದು ಉಸಿರಿನಲ್ಲಿ ಖೋಲಿ, ಊಟ, ಮೂರು ದಿನಕ್ಕೆ ಶುರುವಾಗುವ ಪರೀಕ್ಷೆ, ಹಾಸ್ಟೆಲ್ಲು, ಅಪ್ಪ ಬಿಚ್ಚದೆ ಒಯ್ದ ಗಂಟು ಎಲ್ಲ ಬೀದಿಗೆ ಬೀಳುತ್ತಿದ್ದವು. ಬರೇ ಹೌದು ಎಂದಿದ್ದರೂ ಸಾಕಾಗಿತ್ತು. ಆದರೆ ಅವಳು ಕೇಳಿದ್ದು ಡಾಕ್ಟರನನ್ನು. ‘ಹೌದ್ರಿ’ ಎಂದ ಉಳವಪ್ಪ, ಮತ್ತೆ ಯಾರೂ ಕೇಳದೆಯೇ ಮುಂದುವರಿಸಿದ: ‘ಸೂಜಿ ಏನೂ ಬೇಕಾಗಿಲ್ಲ ಖಾಲಾ. ಸಬಕಾರ ಹಚ್ಚಿ ತೊಳಕೊಂಡ್ರ ಸಾಕು. ಮಂದಿ ಸುಮ್ಮನ ಹೆದರಸ್ತಾರ, ಏನೂ ಆಗೂದಿಲ್ಲ.’ ತನ್ನ ದನಿ ಎಷ್ಟು ಗಂಭೀರವಾಗಿತ್ತೆಂದರೆ ಅವನಿಗೇ ಆಶ್ಚರ್ಯವಾಯಿತು. ಬೀಬಿಜಾನಳ ಮುಖ ಹಗುರಾಯಿತು. ಗಂಗಾದೇವಿಯವರು ಒಂದು ಹಳೆಯ ಸೀರೆ ತಂದು ಕೊಟ್ಟರು.

ಫಿಜಿಕ್ಸ್ ಮುಗಿಸಿ ಹೊರಗೆ ಬಂದಾಗ ಎಷ್ಟು ಬರೆದೆ, ಏನು ಬರೆದೆ ನೆನಪಾಗಲಿಲ್ಲ. ಕಾಲುಗಳು ತಾವೇ ಕ್ಯಾಂಪಿನ ಕಡೆ ಹೊರಟವು. ಮಟನ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಬೀಬಿಜಾನಳ ಮನೆಯನ್ನು ಕೇಳಿ ಕೇಳಿ ಹುಡುಕಿದ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದ್ದ: ಖಾಲಾ, ಯಾತಕ್ಕೂ ಇರಲಿ, ಸೂಜಿ ಮಾಡಿಸ್ಕೊಂಡ ಬಿಡ್ರಿ. ಕಾರಣ ಹೇಳಬೇಕಾಗಿಲ್ಲ, ಇಷ್ಟು ಹೇಳಿದರೆ ಸಾಕು. ಅವಳು ಇವನನ್ನು ಕಂಡು ಹೊಸ್ತಿಲಲ್ಲೇ ಎರಡೂ ಕೈಯೆತ್ತಿದಳು. ‘ಯಾ ಅಲ್ಲಾ! ಡಾಕ್ಟರ್ ನನ್ನ ಮನೀಗೆ!’ ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಕುರ್ಚಿ ತರಿಸಿದಳು. ಗಂಗಾದೇವಿಯವರ ಹಳೆಯ ಸೀರೆ ಉಟ್ಟಿದ್ದಳು. ಗಾಯ ಕಪ್ಪುಗಟ್ಟಿ ಒಣಗುತ್ತಿತ್ತು. ‘ಬಾಜೂಕಿನವ್ರು ದಿನಾ ತಲಿ ತಿಂತಾರ್ರಿ, ದವಾಖಾನಿಗೆ ಹೋಗು ಹೋಗು ಅಂತ. ನಾ ಅಂದೆ, ನಮ್ಮ ಡಾಕ್ಟರ್‌ಗಿಂತ ನಿಮಗ ಹೆಚ್ಚ ತಿಳೀತೈತೇನು?’ ಸುತ್ತ ನಿಂತ ಹೆಂಗಸರು ಇವನನ್ನು ಮೇಲಿಂದ ಕೆಳಗೆ ನೋಡಿದರು. ಈಗ ಇವಳು ಸೂಜಿಗೆ ಹೋದರೆ ಯಾಕೆ ಹೋದೆ ಎಂದು ವಕೀಲರು ಕೇಳುತ್ತಾರೆ, ಇವನೇ ಹೇಳಿದ ಎನ್ನುತ್ತಾಳೆ. ನಾಡಿದ್ದು ಕೆಮಿಸ್ಟ್ರಿ. ಚಹಾ ಬಂತು. ಮುಸಲ್ಮಾನರ ಮನೆಯಲ್ಲಿ ಅವನು ಬಾಯಿಗಿಟ್ಟ ಮೊದಲ ಚಹಾ ಅದು. ‘ಗಾಯ ಮಾಯಾಕ ಹತ್ತೈತಿ, ಛಲೋ ಆತು’ ಎಂದು ಹೇಳಿ, ಕಪ್ಪು ಕೆಳಗಿಟ್ಟು ಎದ್ದು ಬಂದ. ಓಣಿ ದಾಟುವವರೆಗೆ ಬೆನ್ನ ಹಿಂದೆ ಅವಳು ಇವನ ಗುಣಗಾನ ಮಾಡುತ್ತಲೇ ಇದ್ದಳು.

ಉಳಿದ ಐದು ದಿನ ಅವನು ಎರಡು ಪರೀಕ್ಷೆ ಬರೆದ. ಕೆಮಿಸ್ಟ್ರಿ, ಬಯಾಲಜಿ ಒಂದು. ಟೈಗರಿನ ಬೋಗುಣಿ ಇನ್ನೊಂದು. ಜೊಲ್ಲು ಹೆಚ್ಚಾಗಿದೆಯೇ? ದನಿ ಒಡೆದಿದೆಯೇ? ನೆರಳಿನಲ್ಲಿ ಯಾಕೆ ಮಲಗಿದೆ? ಬಿಸಿಲಿಗೆ ನಾಯಿ ನೆರಳಿನಲ್ಲಿ ಮಲಗದೆ ಇನ್ನೆಲ್ಲಿ ಮಲಗುತ್ತದೆ ಎಂಬುದೂ ಆಗ ಹೊಳೆಯುತ್ತಿರಲಿಲ್ಲ. ನಾಯಿ ಸತ್ತರೆ ಆ ಕ್ಷಣ ಎಲ್ಲ ಹೇಳಿಬಿಡುತ್ತೇನೆ ಎಂದು ಲಿಂಗ ಮುಟ್ಟಿ ಆಣೆ ಮಾಡಿದ. ಆಣೆ ಮಾಡುತ್ತಿರುವಾಗಲೇ, ಪರೀಕ್ಷೆ ಮುಗಿದ ಮೇಲೆ ಸಾಯಲಿ ಎಂಬ ವಿಚಾರವೂ ಬಂತು. ಇಂಥ ವಿಚಾರ ಬರುವ ಮನುಷ್ಯ ತಾನು ಎಂದು ಹೇಸಿಕೊಂಡ. ಹೇಸಿಕೆಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ, ಓದುವುದು ಬಹಳವಿತ್ತು. ಹತ್ತನೆಯ ದಿನ ಟೈಗರ್ ಡಬರಿ ಖಾಲಿ ಮಾಡಿ, ಬೋಗುಣಿಯ ನೀರನ್ನು ತಳದವರೆಗೆ ಲೊಚಲೊಚ ಕುಡಿದು, ಇವನ ಮುಖ ನೆಕ್ಕಿತು. ಅವನು ಅದರ ಕೊರಳನ್ನು ತಬ್ಬಿ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಮನಸ್ಸು ಎಷ್ಟು ಬೇಗ ಚೇತರಿಸಿಕೊಂಡಿತೆಂದರೆ, ಸಂಜೆಗೆ ತಾನು ಹೇಳಿದ್ದು ಸುಳ್ಳೇ ಅಲ್ಲ ಅನಿಸತೊಡಗಿತು. ಏನೂ ಆಗೂದಿಲ್ಲ ಎಂದಿದ್ದ, ಏನೂ ಆಗಿರಲಿಲ್ಲ. ಇಷ್ಟಕ್ಕೆ ತನ್ನ ಇಷ್ಟು ರಕ್ತ ಹೀರಿದಳಲ್ಲ ಎಂದು ಬೀಬಿಜಾನಳ ಮೇಲೆ ಸ್ವಲ್ಪ ಸಿಟ್ಟೂ ಬಂತು.

ಜುಲೈ ತಿಂಗಳಲ್ಲಿ ಅವನು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದ, ಮೆಡಿಕಲ್ ಸೀಟಿನ ಸಂದರ್ಶನಕ್ಕೆ ಕರೆ ಬಂದಿತ್ತು. ಜೊತೆಗೆ ಒಯ್ಯಲೆಂದು ವಕೀಲರು ಒಂದು ನಡತೆಯ ಪತ್ರ ಟೈಪು ಮಾಡಿಸಿ ಕೊಟ್ಟರು. ಪ್ರಾಮಾಣಿಕ, ನಂಬಿಗಸ್ತ, ವಹಿಸಿದ ಕೆಲಸವನ್ನು ತಪ್ಪದೆ ಮಾಡುವವನು. ಅವನು ಅದನ್ನು ಖೋಲಿಯ ಮುಂದೆ ಕೂತು ಮೂರನೆಯ ಸಲ ಓದುತ್ತಿದ್ದಾಗ ಬೀಬಿಜಾನ ಬಂದಳು. ಕೈಯಲ್ಲಿ ಡಬರಿಯಿರಲಿಲ್ಲ. ಬುರ್ಖಾದ ತುದಿ ಕೆಸರಾಗಿತ್ತು. ಮಳೆಯಲ್ಲಿ ನಡೆದೇ ಬಂದಿದ್ದಳು.

‘ಡಾಕ್ಟರ್, ನೀವು ಈಗಿಂದೀಗ ನನ್ನ ಕೂಡ ಖಾನಾಪುರಕ್ಕ ಬರಬೇಕ್ರಿ. ನನ್ನ ತಮ್ಮ, ಸಮದ... ಅಲ್ಲೇ ಹಂಚಿನ ಕಾರ್ಖಾನ್ಯಾಗ ಅದಾನ್ರಿ. ಮೇ ತಿಂಗಳಾಗ ಅವಗ ಬೀದಿನಾಯಿ ಕಡದಿತ್ರಿ.’

‘ಆ ನಾಯಿ ಏನಾತು?’ ಇವನ ಬಾಯಿಂದ ಮೊದಲು ಬಂದದ್ದು ಅದೇ ಪ್ರಶ್ನೆ.

‘ನಾಕೈದ ಮಂದೀಗೆ ಕಡೀತಂತ. ಎಲ್ಲಾರೂ ಕೂಡಿ ಅವತ್ತ ಬಡದು ಹಾಕಿದ್ರಂತ್ರಿ.’

‘ಸೂಜಿ?’

‘ಉಳದವ್ರು ಮಾಡಿಸ್ಕೊಂಡ್ರು. ಅವನೂ ಹೊಂಟಿದ್ದ. ನಾನ ತಡದೆ. ಹದಿನಾಲ್ಕ ದಿನ ಬಿಟ್ರ ಕಾರ್ಖಾನ್ಯಾಗ ಬ್ಯಾರೇವ್ರನ್ನ ತಗೋತಾರು. ನಾ ಅಂದೆ, ಹುಚ್ಚಪ್ಪಾ, ನನಗೂ ಕಡದಿತ್ತು, ಸೂಜಿ ಬೇಕಾಗಿಲ್ಲ ಅಂತ ನಮ್ಮ ಡಾಕ್ಟರ್ ಹೇಳ್ಯಾನ, ನಾ ಗಟ್ಟಿಮುಟ್ಟಿ ಇಲ್ಲೇನು ಅಂದೆ.’ ಅವಳು ಉಸಿರು ತೆಗೆದುಕೊಂಡಳು. ‘ಎರಡ ದಿನ ಆತ್ರಿ, ನೀರ ಕಂಡ್ರ ಅಂಜತಾನ. ಗಾಳಿ ಬೀಸಿದ್ರ ನಡಗತಾನ. ದವಾಖಾನಿಗೆ ಒಯ್ದಿವಿ. ಅಲ್ಲಿ ಡಾಕ್ಟರು ನೋಡಿ, ಮನೀಗೆ ಕರಕೊಂಡ ಹೋಗ್ರಿ ಅಂದ್ರು. ಮನೀಗೆ ಅಂದ್ರ ಹೆದರೂದೇನಿಲ್ಲ ಅಂತ ಅಲ್ಲೇನ್ರೀ?’

ನೀರಿಗೆ ಅಂಜಿದ ಮೇಲೆ ಜಗತ್ತಿನಲ್ಲಿ ಯಾವ ಸೂಜಿಯೂ ಇಲ್ಲ ಎಂಬುದನ್ನು ಉಳವಪ್ಪ ಬಲ್ಲ. ಅವನು ನಡತೆಯ ಪತ್ರವನ್ನು ಮಡಚುತ್ತ ಹೋದ. ನಾಲ್ಕು ಮಡಿಕೆ, ಎಂಟು ಮಡಿಕೆ. ಬರುವುದಿಲ್ಲ ಎನ್ನಬಹುದಾಗಿತ್ತು. ಅಷ್ಟರಲ್ಲಿ ಪಡಸಾಲೆಯಿಂದ ವಕೀಲರೇ, ‘ಹೋಗಿ ನೋಡ್ಕೊಂಡ ಬಾ ಹೋಗೋ, ನಾಳೆ ಡಾಕ್ಟರ್ ಆಗಾವ. ಸಂಜೀಕ ಬಂದು ಟೈಗರನ್ನ ತಿರಗ್ಯಾಡಸು’ ಎಂದು ಕೂಗಿ ಹೇಳಿದರು.

ಬಸ್ಸಿನಲ್ಲಿ ಬೀಬಿಜಾನ ಕಿಟಕಿಯ ಬದಿಗೆ ಕೂತು ತುಟಿಯಲ್ಲೇ ಏನೋ ದುವಾ ಹೇಳಿಕೊಳ್ಳುತ್ತಿದ್ದಳು. ಹೊರಗೆ ಮಳೆ ಹಿಡಿದುಕೊಂಡಿತ್ತು. ದೇಸೂರು ದಾಟಿತು. ಗದ್ದೆಗಳಲ್ಲಿ ನಾಟಿಯ ಹೆಂಗಸರು ಗೊಂಗಡಿ ಹೊದ್ದು ಬಗ್ಗಿದ್ದರು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಉಳವಪ್ಪನಿಗೆ ಗೊತ್ತಿತ್ತು. ಹೇಳಿದರೆ ಇವಳು ಬಸ್ಸು ನಿಲ್ಲಿಸಿ ಮುಖಕ್ಕೆ ಉಗುಳಲಿ, ವಕೀಲರ ಮುಂದೆ ಎಳೆದೊಯ್ಯಲಿ, ಸೀಟು ಹೋಗಲಿ, ಒಮ್ಮೆ ಮುಗಿಯಲಿ ಎಂದೂ ಅನಿಸಿತು. ಉಗುಳಬೇಕು ಎಂದೇ ಆಸೆಯಾಯಿತು.

‘ಖಾಲಾ, ನಾ ನಿಮಗ ಸುಳ್ಳ ಹೇಳಿದ್ದೆ.’ ಅವಳು ತಿರುಗಿದಳು. ‘ಟೈಗರಿಗೆ ಸೂಜಿ ಮಾಡಿಸಿದ್ದಿಲ್ಲ. ನಾ ಒಯ್ದಿದ್ದಿಲ್ಲ. ಆ ಕಾರ್ಡಿನ ಮ್ಯಾಲಿನ ಸಹಿ ನನ್ನದ. ಪರೀಕ್ಷಾಕ್ಕ ಹೆದರಿ ಹಂಗ ಹೇಳಿದ್ನಿ.’

ಅವನು ಕಾದ. ‘ಅಂದ್ರ,’ ಎಂದಳು ಮೆಲ್ಲಗೆ, ‘ಸೂಜಿ ಇಲ್ಲದ ನಾಯಿ ನನಗ ಕಡದದ್ದು?’

‘ಹೌದು.’

‘ನನಗೂ ಸೂಜಿ ಇಲ್ಲ, ನಾಯಿಗೂ ಸೂಜಿ ಇಲ್ಲ?’

‘ಇಲ್ಲ.’

‘ಅಲ್ಲಾನ ಮೆಹರಬಾನಿ!’ ಅವಳ ಕಣ್ಣು ತುಂಬಿ ಮುಖವೆಲ್ಲ ಅರಳಿತು. ‘ಅಂಥಾ ನಾಯಿ ಕಡದ್ರೂ ನಾ ಬದಕೇನಿ ಅಂದಮ್ಯಾಲ ನನ್ನ ಸಮದಗೇನ ಆಗತೈತ್ರಿ? ಇಷ್ಟ ದಿನ ಯಾಕ ಹೇಳಲಿಲ್ಲ ಇದನ್ನ! ನಾ ಒಳಗೊಳಗ ಹೆದರಿ ಸಾಯಾಕ ಹತ್ತಿದ್ನಿ, ಆ ಮನೀ ನಾಯಿಗೆ ಸೂಜಿ ಆಗಿತ್ತು, ಬೀದಿನಾಯಿಗೆ ಎಲ್ಲೀದು ಅಂತ.’

‘ಹಂಗಲ್ಲ ಖಾಲಾ. ಟೈಗರಿಗೆ ಹುಚ್ಚ ಇರಲಿಲ್ಲ. ಆ ನಾಯಿಗೆ ಇತ್ತು. ಈಗ ಸಮದಗ...’

‘ನೀವು ಇದನ್ನ ಹೊಟ್ಟ್ಯಾಗ ಇಟಗೊಂಡು ಸೊರಗೀರಿ, ನೋಡ್ರಿ, ಮುಖ ಹೆಂಗಾಗೇತಿ’ ಎಂದು ಅವಳು ಅವನ ಕೈ ಹಿಡಿದುಕೊಂಡಳು. ‘ನಾ ಮಾಫ್ ಮಾಡೇನಿ. ಯಾರ ಮುಂದೂ ಹೇಳಾಂಗಿಲ್ಲ. ಆದ್ರ ಸಮದನ ಮುಂದ ಮಾತ್ರ ನೀವ ನಿಮ್ಮ ಬಾಯಿಲೆ ಹೇಳ್ರಿ. ನಾ ಹೇಳಿದ್ರ ಅವ ನಂಬೂದಿಲ್ಲ.’ ಅವನು ಮತ್ತೆ ಬಾಯಿ ತೆರೆದ. ಅವಳು ಕೇಳುವುದನ್ನು ಮುಗಿಸಿಬಿಟ್ಟಿದ್ದಳು. ಖಾನಾಪುರ ಬರುವವರೆಗೆ ಅವನ ಕೈ ಅವಳ ಕೈಯಲ್ಲೇ ಇತ್ತು.

ಮನೆ ಹಂಚಿನ ಕಾರ್ಖಾನೆಯ ಹಿಂದೆ, ಮಲಪ್ರಭೆಗೆ ಇಳಿಯುವ ದಾರಿಯಲ್ಲಿ. ಗಾಳಿ ಬಾರದಿರಲೆಂದು ಕಿಟಕಿಗೆ ಗೋಣಿಚೀಲ ಹೊಡೆದಿದ್ದರು. ಕತ್ತಲೆಗೆ ಕಣ್ಣು ಹೊಂದಿದಾಗ ಹೊರಸಿನ ಮೇಲೆ ಗೋಡೆಗೆ ಆತು ಕೂತ ಗಂಡಸು ಕಾಣಿಸಿದ. ಮೂವತ್ತೈದರೊಳಗಿನ ಗಟ್ಟಿ ಆಳು. ಕೈಗಳ ಮೇಲೆ ಇನ್ನೂ ಕೆಂಪು ಮಣ್ಣಿನ ಬಣ್ಣ. ತುಟಿ ಒಡೆದಿತ್ತು. ಪೂರಾ ಎಚ್ಚರದಲ್ಲಿದ್ದ, ಬಂದವರಾರೆಂದು ಒಬ್ಬೊಬ್ಬರನ್ನೇ ನೋಡುತ್ತಿದ್ದ. ಅವನ ಹೆಂಡತಿ ಬಿಲ್ಕೀಸ ಬಂದ ದೊಡ್ಡ ಮನುಷ್ಯರಿಗೆಂದು ರೂಢಿಯ ಹಾಗೆ ತಾಟಿನಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದಳು. ಹೊಸ್ತಿಲು ದಾಟಿದ ಮೇಲೆ ನೆನಪಾಗಿ ನಿಂತಳು; ಅಷ್ಟರಲ್ಲಿ ಸಮದ ತಂಬಿಗೆಯನ್ನು ಕಂಡಿದ್ದ. ಅವನ ಗಂಟಲು ಒಮ್ಮೆಲೇ ಬಿಗಿದು ಇಡೀ ಮೈ ಹೊರಸಿನ ಮೇಲೆ ಜಗ್ಗಾಡಿತು. ಅವಳು ನೀರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಕ್ಕೆ ಓಡಿ ಬರಿಗೈಯಲ್ಲಿ ಬಂದಳು. ಸೆಳೆತ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

‘ಸಮದ, ಕೇಳು ಬೇಟಾ’ ಎಂದಳು ಬೀಬಿಜಾನ, ಅವನ ಕಾಲ ಹತ್ತಿರ ಕೂತು. ‘ನನಗ ಕಡದ ನಾಯಿಗೂ ಸೂಜಿ ಆಗಿದ್ದಿಲ್ಲಂತ. ನಾ ಬದಕೇನಿಲ್ಲೋ? ನಾ ಹೇಳೂದಲ್ಲ, ಡಾಕ್ಟರ್ ಖುದ್ದ ಇದನ್ನ ಹೇಳಾಕ ಬಂದಾರು.’

ಸಮದ ಇವನ ಕಡೆ ಕಣ್ಣು ಹೊರಳಿಸಿದ. ಉಗುಳು ನುಂಗಲು ಹೋಗಿ ಆಗದೆ, ಒರಟು ದನಿಯಲ್ಲಿ ಕೇಳಿದ:

‘ಖರೇನ್ರೀ?’

ಮನೆಯ ಜನರೆಲ್ಲ ಇವನ ಬಾಯಿಯನ್ನೇ ನೋಡಿದರು.

‘ಖರೇ’ ಎಂದ ಉಳವಪ್ಪ.

ಸಮದ ಎರಡೂ ಕೈ ಜೋಡಿಸಿದ. ಬಿಲ್ಕೀಸ ಕಣ್ಣೊರೆಸಿಕೊಂಡು, ಗಂಡನಿಗೆ ಕಾಣದ ಹಾಗೆ ಒಳಗೆ ಚಹಾಕ್ಕೆ ಇಟ್ಟಳು.